ಒಂದೇ ಗಡ್ಡೆ, ಒಂದೇ ಪಾತ್ರೆ

ಯಾರಾದರೂ ನನ್ನ ಮುಂದೆ "ನಾ ಕಣ್ಣಾರೆ ನೋಡೇನಿ" ಎಂದು ದೆವ್ವದ ಕಥೆಯನ್ನೋ ದೇವರ ಕಥೆಯನ್ನೋ ಶುರು ಮಾಡಿದರೆ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ಎಷ್ಟು ಸಲ ನೋಡಿದಿರಿ? ಒಂದೇ ಸಲ ಆದದ್ದನ್ನು ನಮ್ಮ ಕಸುಬಿನಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮತ್ತೆ ಮಾಡಿ ನೋಡಬೇಕು, ಇನ್ನೊಮ್ಮೆ ಮಾಡಿ ನೋಡಬೇಕು, ಆಗಲೂ ಅದೇ ಉತ್ತರ ಬಂದರೆ ಮಾತ್ರ ಬಾಯಿ ತೆರೆಯಬೇಕು. ನನ್ನ ಈ ಸ್ವಭಾವ ಗೊತ್ತಿದ್ದುದರಿಂದ ಮುಂಡಗೋಡದ ನಮ್ಮ ಮನೆಯಲ್ಲಿ ಯಾರೂ ನನ್ನೆದುರು ದೃಷ್ಟಿ ತೆಗೆಯುತ್ತಿರಲಿಲ್ಲ. ಅವ್ವ ಉಪ್ಪು, ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದುಕೊಂಡು ನಾನು ಹಿತ್ತಲಿಗೆ ಹೋಗುವುದನ್ನೇ ಕಾಯುತ್ತಿದ್ದಳು. ಅಂಥ ನಾನು ಈಗ ಒಂದೇ ಒಂದು ಸಲ ಆದ ಸಂಗತಿಯನ್ನು ನಿಮಗೆ ಹೇಳಲು ಕುಳಿತಿದ್ದೇನೆ. ನಗುವವರು ನಗಬಹುದು. ನಾನೂ ಎಷ್ಟೋ ಜನರನ್ನು ನೋಡಿ ನಕ್ಕವಳೇ.

ಆಗ ನಾನು ಒಂದು ವಿಶ್ವವಿದ್ಯಾಲಯದ ಆಹಾರ ಸಂಶೋಧನಾ ತಂಡದಲ್ಲಿದ್ದೆ. ದೊಡ್ಡ ಕ್ಯಾಂಪಸ್ಸು ಇದ್ದದ್ದು ದೂರದ ಪಟ್ಟಣದಲ್ಲಿ. ನಮ್ಮ ಚಿಕ್ಕ ಘಟಕ ಮಾತ್ರ ಹಳಿಯಾಳದ ಹೊರಗೆ, ದಾಂಡೇಲಿ ರಸ್ತೆಯ ಪಕ್ಕದ ಹಳೆಯ ಕಟ್ಟಡದಲ್ಲಿತ್ತು. ಈ ಕಡೆಯ ಜನ ತಿನ್ನುವ ಸೊಪ್ಪು, ಗಡ್ಡೆ, ಕಾಡುಹಣ್ಣುಗಳಲ್ಲಿ ಮೈಗೆ ಒಳ್ಳೆಯದು ಮಾಡುವ ಅಂಶ ಏನಿದೆ, ಅದು ಹೊಟ್ಟೆಯೊಳಗೆ ಹೋದ ಮೇಲೆ ಏನು ಕೆಲಸ ಮಾಡುತ್ತದೆ ಎಂದು ಹುಡುಕುವುದು ನಮ್ಮ ಕೆಲಸ. ಇದನ್ನು ನಮ್ಮ ಕಾಕಾನಿಗೆ ಬಿಡಿಸಿ ಹೇಳಿದಾಗ ಆತ, "ಅಂದ್ರ ಅಡಗಿ ಮನಿ ಕೆಲಸ ಅನ್ನು" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದ. ಆತ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ದಿನದ ಅರ್ಧ ಭಾಗ ಸುಲಿಯುವುದು, ಹೆಚ್ಚುವುದು, ಒಣಗಿಸುವುದು, ಪುಡಿ ಮಾಡಿ ಸೋಸುವುದರಲ್ಲೇ ಹೋಗುತ್ತಿತ್ತು. ಉಳಿದರ್ಧ, ಸಾರ ಹಾಕಿದೊಡನೆ ನೇರಳೆ ಬಣ್ಣದ ದ್ರಾವಣ ಹಳದಿಗೆ ತಿರುಗುತ್ತದೆಯೋ ಇಲ್ಲವೋ ಎಂದು ಗಾಜಿನ ನಳಿಗೆಗಳನ್ನು ನೋಡುತ್ತ ಕೂರುವುದರಲ್ಲಿ. ಹಳದಿಗೆ ತಿರುಗಿದರೆ ಆ ದಿನ ಎಲ್ಲರಿಗೂ ಚಹಾ. ತಿರುಗದಿದ್ದರೂ ಚಹಾ, ಆದರೆ ಯಾರೂ ಮಾತಾಡುತ್ತಿರಲಿಲ್ಲ.

ತಂಡದ ಮುಖ್ಯಸ್ಥರನ್ನು ಸರ್ ಎಂದೇ ಕರೆಯುತ್ತೇನೆ, ಹೆಸರು ಬೇಡ. ನನ್ನ ಪಿಎಚ್‌ಡಿ ಆದದ್ದೂ ಅವರ ಕೈಕೆಳಗೇ. ಪಿಪೆಟ್ ಹಿಡಿದಾಗ ಹೆಬ್ಬೆರಳು ಅವಸರ ಮಾಡಬಾರದು ಎಂದು ಪಕ್ಕದಲ್ಲಿ ನಿಂತು ಮಗುವಿಗೆ ಅಕ್ಷರ ತಿದ್ದಿಸಿದಂತೆ ಕಲಿಸಿದವರು ಅವರು. ನನಗೆ ಪದವಿ ಬಂದಾಗ ಮುಂಡಗೋಡಕ್ಕೆ ಬಂದು, ನಮ್ಮ ಪಡಸಾಲೆಯಲ್ಲಿ ನೆಲದ ಮೇಲೆ ಕುಳಿತು, ಅವ್ವ ಬಡಿದ ರೊಟ್ಟಿ ತಿಂದು ಹೋಗಿದ್ದರು. ಅಪ್ಪ ತೀರಿಕೊಂಡು ಆಗ ಬಹಳ ವರ್ಷವಾಗಿತ್ತು. ಅವರು ಹೋದ ಮೇಲೆ ಅವ್ವ, "ನಿಮ್ಮಪ್ಪ ಇದ್ದಿದ್ರ ಇಷ್ಟ ಮಾಡ್ತಿದ್ದಾ ನೋಡು" ಎಂದು ಕಣ್ಣೊರೆಸಿಕೊಂಡಳು. ಶಿವಪೂಜೆ ಮಾಡಿ ಉಣ್ಣುವ ಮನೆತನ ನಮ್ಮದು. ನಮ್ಮಲ್ಲಿ ಗುರು ಎಂದರೆ ಸಣ್ಣ ಮಾತಲ್ಲ. ನಾನು ದೇವರ ಮುಂದೆ ಕೈ ಮುಗಿಯದಿದ್ದರೂ ಸರ್ ಬಂದರೆ ಎದ್ದು ನಿಲ್ಲುತ್ತಿದ್ದೆ.

ಅವರ ಮೇಲೆ ನನಗೆ ಅಷ್ಟು ನಂಬಿಕೆ ಹುಟ್ಟಲು ಕಾರಣವೂ ಇತ್ತು. ಒಮ್ಮೆ ನಾನು ಒಂದು ಮುಖ್ಯವಾದ ಪರೀಕ್ಷೆ ಮಾಡುತ್ತಿದ್ದಾಗ ನಡುವೆ ಕರೆಂಟು ಹೋಗಿ, ಗ್ರಾಫಿನ ಒಂದು ಚುಕ್ಕೆ ಉಳಿದವುಗಳ ಸಾಲು ಬಿಟ್ಟು ದೂರ ಹೋಗಿ ಕೂತಿತು. ಎಲ್ಲ ಚುಕ್ಕೆಗಳೂ ನೆಟ್ಟಗೆ ಇಳಿಯುತ್ತ ಹೋದರೆ ಅದೊಂದು ಮಾತ್ರ ಮದುವೆ ಮನೆಯಲ್ಲಿ ಮುನಿಸಿಕೊಂಡ ಬೀಗರಂತೆ ಅತ್ತ ಕಡೆ. ತೆಗೆದುಬಿಡುತ್ತೇನೆ ಎಂದೆ. ಸರ್ ಬಿಡಲಿಲ್ಲ. "ಇರ್ಲಿ ಬಿಡು. ಆ ದಿನ ಹಂಗ ಬಂದದ್ದೂ ಖರೇನ. ಖರೇದ್ದನ್ನ ಯಾಕ ಮುಚ್ಚೂದು?" ಎಂದರು. ಆ ವಕ್ರ ಚುಕ್ಕೆ ಹಾಗೇ ಉಳಿಯಿತು. ಅವತ್ತು ಮನೆಗೆ ಬಂದು ಅವ್ವನಿಗೆ ಇದನ್ನೇ ದೊಡ್ಡದಾಗಿ ಹೇಳಿದ್ದೆ.

ಆ ಗ್ರಾಫು ಒಂದು ಗಡ್ಡೆಯದು. ಜೋಯಿಡಾ ತಾಲೂಕಿನ ಕುಂಬಾರವಾಡ ದಾಟಿ, ಮಣ್ಣಿನ ರಸ್ತೆಯಲ್ಲಿ ಇನ್ನೂ ಒಳಗೆ ಹೋದರೆ ಒಂದು ಸಣ್ಣ ವಾಡೆ ಸಿಗುತ್ತದೆ, ಕೆಲವೇ ಮನೆಗಳು. ಅಲ್ಲಿಯ ಜಾನಕಿ ಆಜಿಯ ಹಿತ್ತಲಿನಲ್ಲಿ ಬೆಳೆಯುವ ಗಡ್ಡೆ ಅದು. ಕೋನ ಎನ್ನುತ್ತಾರೆ. ಹೊರಗೆ ಮಣ್ಣು ಮೆತ್ತಿದ ಕಟ್ಟಿಗೆಯ ತುಂಡಿನ ಹಾಗೆ ಕಂಡರೂ ಕೊಯ್ದರೆ ಒಳಗೆಲ್ಲ ನೇರಳೆ. ಬೇರೆ ಕಡೆಯ ನೇರಳೆ ಗಡ್ಡೆಗಳನ್ನೂ ತಂದು ನೋಡಿದೆವು. ಊಟದ ಪಿಷ್ಟ ಸಕ್ಕರೆಯಾಗುವುದನ್ನು ಆಜಿಯ ಗಡ್ಡೆ ತಡೆದಷ್ಟು ಅವು ಯಾವುವೂ ತಡೆಯಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಇದರಿಂದ ಏನಾದರೂ ಮಾಡಬಹುದು ಎಂಬ ಆಸೆ ನಮಗೆಲ್ಲ ಹುಟ್ಟಿತು.

ಆಜಿಯ ಮನೆಮಾತು ಕೊಂಕಣಿ, ಆದರೆ ಹಳಿಯಾಳದ ಸಂತೆಗೆ ಹೋಗಿ ಬಂದು ಕಲಿತ ಕನ್ನಡ ಚೆನ್ನಾಗಿಯೇ ಇತ್ತು. ಅದು ಸಾಲದ ಕಡೆ ನಮ್ಮ ಫಿಲೋಮಿನಾ ಇದ್ದಳು. ಹಳಿಯಾಳ ತಾಲೂಕಿನ ಸಿದ್ದಿ ಹುಡುಗಿ, ನಮ್ಮಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು, ಕೊಂಕಣಿಯಲ್ಲಿ ಆಜಿಯ ಜೊತೆ ಜಗಳವನ್ನೂ ಆಡಬಲ್ಲವಳು. ಆಜಿ ನಮ್ಮಿಬ್ಬರನ್ನೂ ಪೋರಿ ಎಂದೇ ಕರೆಯುತ್ತಿದ್ದಳು. ನನಗೆ ಆಗಲೇ ನಾಕಾರು ಕೂದಲು ಬೆಳ್ಳಗಾಗಿದ್ದವು, ಆದರೂ ಪೋರಿಯೇ.

ಆ ಗಡ್ಡೆಯ ಬಗ್ಗೆ ವಾಡೆಯವರಿಗೆ ಎರಡು ಕಟ್ಟುಪಾಡು. ಗಡ್ಡೆ ಅಗೆದ ಮೇಲೆ ಬಳ್ಳಿ ಹುಟ್ಟುವ ಮೇಲಿನ ತುದಿಯನ್ನು, ಅದಕ್ಕೆ ಅವರು ತಲೆ ಎನ್ನುತ್ತಾರೆ, ಕೊಯ್ದು ಅದೇ ಕುಣಿಯಲ್ಲಿ ಮುಚ್ಚಬೇಕು. ತಲೆ ಊರು ಬಿಟ್ಟು ಹೋಗಬಾರದು. ಇನ್ನೊಂದು, ಕೇಳುವ ಮಾತಿದ್ದರೆ ಬೇಯಿಸಿದ ಗಡ್ಡೆಯ ಹೋಳನ್ನು ಕೈಯಲ್ಲಿಟ್ಟು ಕೇಳಬೇಕು. ಉತ್ತರ ಹೇಳಿ ಹೋಳು ಬಾಯಿಗೆ ಹಾಕಿಕೊಳ್ಳಬೇಕು. ಸುಳ್ಳು ಹೇಳಿದವರ ಗಂಟಲು ಕೆರೆಯುತ್ತದಂತೆ. ಹೆಣ್ಣು ನೋಡಲು ಬಂದವರಿಗೂ ಅಲ್ಲಿ ಅವಲಕ್ಕಿ, ಉಪ್ಪಿಟ್ಟು ಅಲ್ಲ, ಮೊದಲು ಗಡ್ಡೆ. ಹುಡುಗ ಕುಡಿಯುತ್ತಾನೋ, ಹೊಲ ಎಷ್ಟಿದೆಯೋ ಎಲ್ಲ ಆ ಹೋಳಿನ ಮೇಲೆಯೇ ಕೇಳುವುದು. ಈ ವಾಡೆಗೆ ಬರುವ ಮದುವೆ ದಲ್ಲಾಳಿಗಳೆಲ್ಲ ಹೊಟ್ಟೆ ಸರಿಯಿಲ್ಲ ಎಂದು ಹೇಳಿಕೊಂಡೇ ಬರುತ್ತಾರೆ ಎಂದು ಫಿಲೋಮಿನಾ ಚೇಷ್ಟೆ ಮಾಡುತ್ತಿದ್ದಳು.

ಗಡ್ಡೆ ಯಾಕೆ ಕೆರೆಯುತ್ತದೆ ಎಂಬುದು ನನಗೆ ಗೊತ್ತು. ಸೂಜಿಯಂಥ ಸಣ್ಣ ಹರಳುಗಳು ಅದರೊಳಗೆ ಇರುತ್ತವೆ, ಸರಿಯಾಗಿ ಬೇಯದಿದ್ದರೆ ಅವು ಗಂಟಲಿಗೆ ಚುಚ್ಚುತ್ತವೆ. ಅದಕ್ಕೆ ಸುಳ್ಳೂ ಒಂದೇ, ಸತ್ಯವೂ ಒಂದೇ. ಈ ಪದ್ಧತಿಯನ್ನು ಒಂದು ವಾರದ ಮೀಟಿಂಗಿನಲ್ಲಿ ಎಲ್ಲರಿಗೂ ನಗೆಚಾಟಿಕೆಯಾಗಿ ಹೇಳಿದ್ದೆ. ಸರ್ ಆ ದಿನ ಮೀಟಿಂಗಿನಲ್ಲಿದ್ದರು, ಆದರೆ ಮೊಬೈಲ್ ನೋಡುತ್ತಿದ್ದರು. ಅವರು ಅದನ್ನು ಕೇಳಿಸಿಕೊಂಡಿದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಈ ಮಾತನ್ನು ನೀವು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ವರ್ಷ ಗಡ್ಡೆ ಕೀಳುವ ಕಾಲಕ್ಕೆ ಸರ್ ನನ್ನನ್ನು ಕರೆದು, ತಲೆಗಳು ಬೇಕು, ದೊಡ್ಡ ಕ್ಯಾಂಪಸ್ಸಿನ ತೋಟದಲ್ಲಿ ಬೆಳೆಸಿಟ್ಟರೆ ಈ ಜಾತಿ ಉಳಿಯುತ್ತದೆ, ನೀನೇ ಕೇಳಬೇಕು, ನಿನ್ನ ಮಾತಾದರೆ ಆಜಿ ಇಲ್ಲ ಎನ್ನುವುದಿಲ್ಲ ಎಂದರು. ನಾನು ಹೋಗಿ ಕೇಳಿದೆ. ಆಜಿ ಕೈಯಲ್ಲಿದ್ದ ಕುಡುಗೋಲು ಕೆಳಗಿಟ್ಟಳು. ಆಮೇಲೆ, "ಎಲ್ಲಿ ಒಯ್ತೀರಿ? ಯಾರ ಕೈಗೆ ಹೋಗ್ತಾವು?" ಎಂದಳು. ವಿಶ್ವವಿದ್ಯಾಲಯದ ತೋಟ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ನಿಮ್ಮ ವಾಡೆಯ ಹೆಸರು ಅದರ ಜೊತೆಗೇ ಇರುತ್ತದೆ ಎಂದು ನಾನು ಮಾತು ಕೊಟ್ಟೆ. ಆಜಿ ಬುಟ್ಟಿಯ ತುಂಬ ತಲೆಗಳನ್ನು ಬೂದಿ ಸವರಿ ಕೊಟ್ಟಳು. ಹಾಗೆ ಅವು ಊರು ಬಿಟ್ಟು ಹೊರಟದ್ದು ಅದೇ ಮೊದಲು, ಅದೂ ನನ್ನ ಮಾತಿನ ಮೇಲೆ. ಬುಟ್ಟಿಯನ್ನು ನಾನೇ ಸರ್ ಕೈಗೆ ಒಪ್ಪಿಸಿದೆ. ಮಳೆಗಾಲದಲ್ಲಿ ಒಮ್ಮೆ ಕೇಳಿದಾಗ, ನೆಟ್ಟಾಯಿತು, ಬಳ್ಳಿ ಚೆನ್ನಾಗಿ ಬಂದಿದೆ ಎಂದಿದ್ದರು. ಸರ್ ಹೇಳಿದ ಮೇಲೆ ಹೋಗಿ ನೋಡುವುದೇನಿದೆ?

ಮುಂದಿನ ಜನವರಿಯಲ್ಲಿ ಸರ್, ನಾನು, ಫಿಲೋಮಿನಾ ಮೂವರೂ ಜೀಪಿನಲ್ಲಿ ಆಜಿಯ ಮನೆಗೆ ಹೋದೆವು. ದಾಂಡೇಲಿ ದಾಟಿ ಜೋಯಿಡಾ ಮುಟ್ಟುವವರೆಗೂ ಸರ್ ಹಳೆಯ ಹಾಡು ಗುನುಗುತ್ತಿದ್ದರು. ಒಳ್ಳೆಯ ಬಿಸಿಲು, ಮಟಮಟ ಮಧ್ಯಾಹ್ನ. ಹೆದರಿಸುವ ಯಾವ ಸಂಗತಿಯೂ ಅಲ್ಲಿರಲಿಲ್ಲ ಎಂದು ಹೇಳುವುದಕ್ಕಾಗಿ ಇದನ್ನೆಲ್ಲ ಹೇಳುತ್ತಿದ್ದೇನೆ. ಸೆಗಣಿ ಸಾರಿಸಿದ ಅಂಗಳ, ಒಂದು ಹುಲ್ಲಿನ ಬಣವೆ, ಬಿಸಿಲು ಕಾಯುತ್ತ ಮಲಗಿದ ನಾಯಿ. ಆಜಿ ಆಗಲೇ ಗಡ್ಡೆ ಬೇಯಲು ಇಟ್ಟಿದ್ದಳು.

ಗಡ್ಡೆ ಒಂದೇ, ದೊಡ್ಡದು. ಪಾತ್ರೆಯಿಂದ ತೆಗೆದು ನಮ್ಮೆದುರಿಗೇ ಸಿಪ್ಪೆ ಬಿಡಿಸಿ ಹೋಳು ಮಾಡಿದಳು. ಫಿಲೋಮಿನಾ ಫೋಟೋ ತೆಗೆದಳು, ಒಂದೆರಡು ಹೋಳು ಲ್ಯಾಬಿಗೆಂದು ಕವರಿನಲ್ಲಿ ಕಟ್ಟಿಟ್ಟುಕೊಂಡಳು. ಆಮೇಲೆ ಆಜಿ ಒಬ್ಬೊಬ್ಬರ ಕೈಗೆ ಒಂದೊಂದು ಹೋಳು ಇಟ್ಟಳು. ಫಿಲೋಮಿನಾಗೆ ಕೊಡುತ್ತ, ಮದುವೆ ಯಾವಾಗ, ಹುಡುಗ ಸಿಕ್ಕನೇನು ಎಂದು ಕೇಳಿದಳು. ನಮ್ಮ ಫಿಲೋಮಿನಾ ಇಂಗ್ಲಿಷಿನಲ್ಲಿ ಪ್ರಬಂಧ ಮಂಡಿಸುವವಳು, ಹೋಳು ಹಿಡಿದುಕೊಂಡು ಸರ್ ಮುಖ ನೋಡಿದಳು, ನನ್ನ ಮುಖ ನೋಡಿದಳು, ಕೊನೆಗೆ ತಲೆ ತಗ್ಗಿಸಿ, "ಒಬ್ಬಾಂವ ಅದಾನ ಆಜಿ, ಮನ್ಯಾಗ ಇನ್ನೂ ಹೇಳಿಲ್ಲ" ಎಂದು ಗುಟ್ಟು ಬಿಟ್ಟುಕೊಟ್ಟು ಬಾಯಿಗೆ ಹಾಕಿಕೊಂಡಳು. ಎಲ್ಲರೂ ನಕ್ಕೆವು. ನನ್ನನ್ನು ಅವ್ವನ ಮೊಣಕಾಲು ನೋವಿನ ಬಗ್ಗೆ ಕೇಳಿದಳು. ಇದ್ದದ್ದನ್ನು ಹೇಳಿ ನಾನೂ ತಿಂದೆ. ಹಿಟ್ಟಿನಂತೆ ಕರಗುವ, ಸ್ವಲ್ಪ ಸಿಹಿ ಇರುವ ಅದೇ ರುಚಿ.

ಆಮೇಲೆ ಸರ್. ಹೋಳು ಅವರ ಅಂಗೈಯಲ್ಲಿಟ್ಟು ಆಜಿ, "ನಮ್ಮ ತಲಿ ನಿಮ್ಮ ತ್ವಾಟದಾಗ ಹೆಂಗ ಅದಾವ್ರಿ?" ಎಂದಳು.

"ಚಲೋ ಬಂದಾವ್ರಿ ಅಜ್ಜಿ. ನಿಮ್ಮ ಊರ ಹೆಸರ ಬರದು ಬೋರ್ಡ ಹಾಕೇವಿ" ಎಂದು ಸರ್ ನಕ್ಕು, ಹೋಳಿನ ಅರ್ಧ ಕಚ್ಚಿದರು.

ನುಂಗಿದ್ದಷ್ಟೇ. ಕೈ ಗಂಟಲಿಗೆ ಹೋಯಿತು. ನೆತ್ತಿಗೆ ಹತ್ತಿರಬೇಕು ಎಂದು ನಾನು ನೀರು ಕೊಟ್ಟೆ. ನೀರು ಒಳಗೆ ಹೋಗಲಿಲ್ಲ. ನೋಡನೋಡುತ್ತ ತುಟಿ ಕೆಂಪಾಗಿ ಊದಿತು, ಕಣ್ಣಿಂದ ನೀರು ಇಳಿಯತೊಡಗಿತು, ಎರಡೂ ಕೈಯಿಂದ ಕೊರಳು ಕೆರೆದುಕೊಳ್ಳುತ್ತ ಮಣೆಯಿಂದ ಎದ್ದುಬಿಟ್ಟರು. ಏನೋ ಹೇಳಲು ಹೋದರು, ಗಾಳಿ ಬಂತೇ ಹೊರತು ದನಿ ಬರಲಿಲ್ಲ. ಫಿಲೋಮಿನಾ ಒಳಗೆ ಓಡಿ ಹುಣಸೆಹಣ್ಣು, ಬೆಲ್ಲ ಎರಡನ್ನೂ ತಂದಳು. ಗಡ್ಡೆ ಕೆರೆದರೆ ಎಲ್ಲ ಕಡೆ ಮಾಡುವ ಉಪಾಯ ಅದೇ, ಹುಳಿ ಬಿದ್ದ ಕೂಡಲೇ ಇಳಿಯುತ್ತದೆ. ಅವತ್ತು ಇಳಿಯಲಿಲ್ಲ.

ಆ ಗಡಿಬಿಡಿಯಲ್ಲಿ ನಾನು ಮಾಡಿದ ಒಂದು ಕೆಲಸ ಹೇಳಬೇಕು. ಸರ್ ಕಚ್ಚಿ ಬಿಟ್ಟ ಅರ್ಧ ಹೋಳು ಮಣೆಯ ಪಕ್ಕ ಎಲೆಯ ಮೇಲೆ ಬಿದ್ದಿತ್ತು. ಅದನ್ನು ತೆಗೆದು ಬಾಯಿಗೆ ಹಾಕಿಕೊಂಡೆ. ಯಾಕೆ ಎಂದರೆ ಎರಡು ಉತ್ತರ ಇವೆ. ಬೇಯದ ಜಾಗವೇನಾದರೂ ಇತ್ತೇ ಎಂದು ತಿಳಿಯಬೇಕಿತ್ತು, ಅದು ಲ್ಯಾಬಿನ ಬುದ್ಧಿ. ಗುರುವಿನ ಎಂಜಲು ನಮ್ಮ ಮನೆಯಲ್ಲಿ ಪ್ರಸಾದ, ಅಸಹ್ಯ ಅನಿಸಲಿಲ್ಲ, ಅದು ಅವ್ವನ ಬುದ್ಧಿ. ಚೆನ್ನಾಗಿ ಬೆಂದಿತ್ತು. ನನ್ನ ಹೋಳಿನಷ್ಟೇ ಸಿಹಿಯಿತ್ತು. ನನಗೇನೂ ಆಗಲಿಲ್ಲ.

ಆಜಿ ಮಾತ್ರ ಕುಳಿತಲ್ಲಿಂದ ಏಳಲಿಲ್ಲ. ಅವಳು ಸರ್ ಕಡೆ ನೋಡುತ್ತಲೂ ಇರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಪಾಪ, ಮುದುಕಿ ಹೆದರಿದ್ದಾಳೆ ಎಂದುಕೊಂಡೆ. ನಾವು ಸರ್ ಅವರನ್ನು ಹಿಡಿದು ಜೀಪಿಗೆ ಹತ್ತಿಸುವಾಗ ಆಜಿ ಉಳಿದ ಹೋಳುಗಳನ್ನೆಲ್ಲ ಮಡಿಲಿಗೆ ಬಾಚಿಕೊಂಡು, "ಗಾಡಿ ಸಾವಕಾಶ ಹೊಡೀರಿ" ಎಂದಷ್ಟೇ ಹೇಳಿದಳು. ಪೋರಿ ಎನ್ನಲಿಲ್ಲ. ಅದು ನನಗೆ ಆಗ ಗಮನಕ್ಕೆ ಬಂದಿರಲಿಲ್ಲ.

ಜೋಯಿಡಾದಲ್ಲಿ ಡಾಕ್ಟರು ಇಂಜೆಕ್ಷನ್ ಕೊಟ್ಟು, ಅಲರ್ಜಿ ಎಂದರು. ಊತ ಸಂಜೆಯ ಹೊತ್ತಿಗೆ ಇಳಿಯಿತು, ದನಿ ಮಾತ್ರ ಎಷ್ಟೋ ದಿನ ಒಡೆದೇ ಇತ್ತು. ನಾನು ಸುಮ್ಮನೆ ಬಿಡುವವಳಲ್ಲವಲ್ಲ. ಫಿಲೋಮಿನಾ ಕಟ್ಟಿಟ್ಟುಕೊಂಡಿದ್ದ ಹೋಳುಗಳನ್ನು ಮರುದಿನವೇ ಸೂಕ್ಷ್ಮದರ್ಶಕದ ಕೆಳಗಿಟ್ಟು ಹುಡುಕಿದೆ. ಗಂಟಲು ಕೆರೆಯುವಷ್ಟು ಹರಳು ಇರಲಿಲ್ಲ. ರಾಸಾಯನಿಕ ಪರೀಕ್ಷೆಯಲ್ಲೂ ಇಲ್ಲ. ಉಳಿದದ್ದನ್ನು ಲ್ಯಾಬಿನವರೆಲ್ಲ ಹಂಚಿಕೊಂಡು ತಿಂದೆವು, ಒಬ್ಬರೂ ಕೆಮ್ಮಲಿಲ್ಲ. ಅಲರ್ಜಿ ಎನ್ನೋಣವೆಂದರೆ ಸರ್ ಅದೇ ಗಡ್ಡೆಯನ್ನು ಅದಕ್ಕೂ ಹಿಂದೆ ಎಷ್ಟೋ ಸಲ ತಿಂದಿದ್ದರು, ರುಚಿ ನೋಡುವ ಪರೀಕ್ಷೆಗಳಲ್ಲಿ ನಮ್ಮ ಜೊತೆ ಸಾಲಾಗಿ ಕುಳಿತು ತಿಂದಿದ್ದರು. ಒಡೆದ ದನಿಯಲ್ಲೇ ಒಂದು ದಿನ, "ನಿನ್ನ ಗಡ್ಡಿಗೆ ನನ್ನ ಮ್ಯಾಲ ಸಿಟ್ಟ ಬಂದೈತಿ ನೋಡು" ಎಂದು ಚೇಷ್ಟೆ ಮಾಡಿದರು. ನಾನು ಬಾಯಿ ತುಂಬ ನಕ್ಕೆ. ಆ ನಗು ನೆನಪಾದರೆ ಈಗ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಹುಬ್ಬಳ್ಳಿಯಲ್ಲಿ ಆಹಾರ ಪದಾರ್ಥಗಳ ಒಂದು ಪ್ರದರ್ಶನ ಇತ್ತು. ಅಕ್ಕನ ಮನೆಗೆ ಹೋದವಳು ಹಾಗೇ ನೋಡಿ ಬರೋಣ ಎಂದು ಒಳಹೊಕ್ಕೆ. ಒಂದು ಮಳಿಗೆಯಲ್ಲಿ ಕಾಗದದ ಲೋಟದಲ್ಲಿ ನೇರಳೆ ಬಣ್ಣದ ಪಾನಕದಂಥದ್ದನ್ನು ಕೊಡುತ್ತಿದ್ದರು, ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದಂತೆ. ಒಂದು ಗುಟುಕು ಕುಡಿದೆ. ಕುಡಿದವಳು ಅಲ್ಲೇ ನಿಂತುಬಿಟ್ಟೆ. ಆ ರುಚಿ ನನಗೆ ಗೊತ್ತಿರದಿದ್ದರೆ ಇನ್ನಾರಿಗೆ ಗೊತ್ತಿರಬೇಕು? ಆದರೂ ನಾಲಿಗೆಯನ್ನು ನಂಬಬಾರದು ಎಂದು ತಲೆ ಎತ್ತಿದೆ. ಮಳಿಗೆಯ ಹಿಂದಿನ ಗೋಡೆಯ ತುಂಬ ಒಂದು ಬ್ಯಾನರು. ಅದರ ಮೇಲೆ ಆಳೆತ್ತರದ ಒಂದು ಗ್ರಾಫು. ಎಲ್ಲ ಚುಕ್ಕೆಗಳೂ ನೆಟ್ಟಗೆ ಇಳಿಯುತ್ತ ಹೋಗಿದ್ದವು, ಒಂದು ಮಾತ್ರ ಸಾಲು ಬಿಟ್ಟು ಅತ್ತ ಕಡೆ ಕೂತಿತ್ತು.

ಅದು ನಾನು ಕರೆಂಟು ಹೋದ ದಿನ ಕೂತು ಮಾಡಿದ ಪರೀಕ್ಷೆ. ತೆಗೆಯಬೇಡ, ಅದೂ ಖರೇ ಎಂದು ಸರ್ ಉಳಿಸಿದ ಚುಕ್ಕೆ. ತೆಗೆದಿದ್ದರೆ ನನಗೆ ಗುರುತು ಸಿಗುತ್ತಿತ್ತೋ ಇಲ್ಲವೋ.

ಮಳಿಗೆಯಲ್ಲಿದ್ದ ಹುಡುಗಿ ಬಹಳ ಉತ್ಸಾಹದಿಂದ ವಿವರಿಸಿದಳು. ಗಡ್ಡೆ ಬೇರೆ ರಾಜ್ಯದ ಬೆಟ್ಟದ್ದಂತೆ, ಕಂಪನಿಯವರೇ ಹುಡುಕಿ ಬೆಳೆಸಿದ್ದಂತೆ, ಈಗ ಅವರದೇ ದೊಡ್ಡ ತೋಟ ಇದೆಯಂತೆ. ಕಂಪನಿ ಯಾರದ್ದು ಎಂದೆ. ಅವಳು ಹೇಳಿದ ಹೆಸರು ಸರ್ ಅವರ ಮಗನದು. ಜೋಯಿಡಾ ಎಂಬ ಶಬ್ದ ಆ ಮಳಿಗೆಯಲ್ಲಿ ಎಲ್ಲೂ ಇರಲಿಲ್ಲ. ನನ್ನ ಹೆಸರೂ ಇರಲಿಲ್ಲ, ಆದರೆ ಆ ಹೊತ್ತಿಗೆ ನನಗೆ ಅದರ ನೆನಪೂ ಆಗಲಿಲ್ಲ. ಬೂದಿ ಸವರಿದ ಆ ಬುಟ್ಟಿಯೊಂದೇ ಕಣ್ಣ ಮುಂದೆ ಬಂತು.

ನಾನು ಮರುದಿನ ದೊಡ್ಡ ಕ್ಯಾಂಪಸ್ಸಿಗೆ ಹೋಗಿ ತೋಟ ಸುತ್ತಿದೆ. ಅಂಥ ಗಡ್ಡೆಯನ್ನು ಇಲ್ಲಿ ಯಾರೂ ನೆಟ್ಟಿಲ್ಲ ಎಂದು ಮಾಲಿ ಹೇಳಿದ. ಬೋರ್ಡು ಹಾಕಿದ ಜಾಗವೂ ಇರಲಿಲ್ಲ. ಅಂದರೆ ಜನವರಿಯ ಆ ಮಧ್ಯಾಹ್ನ, ಹೋಳು ಕೈಯಲ್ಲಿ ಹಿಡಿದು ಸರ್ ಹೇಳಿದ ಎರಡೂ ಮಾತು ಸುಳ್ಳು. ಅದು ಆ ಅಂಗಳದಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ, ಅವರೊಬ್ಬರನ್ನು ಬಿಟ್ಟು.

ನೇರವಾಗಿ ಅವರ ಕೋಣೆಗೆ ಹೋಗಿ ಕೇಳಿದೆ. ಅವರು ಅಲ್ಲ ಎಂದಿದ್ದರೆ, ಕೊನೆಪಕ್ಷ ನಾಚಿಕೊಂಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಕನ್ನಡಕ ತೆಗೆದು ಒರೆಸುತ್ತ, "ನಿನಗ ಲೋಕ ಗೊತ್ತಿಲ್ಲ. ಕಾಡಿನ ಗಡ್ಡಿ ಯಾರಪ್ಪಂದೂ ಅಲ್ಲ. ಆ ಮುದುಕಿ ಕಡೆ ಇದ್ರ ಹಂದಿ ತಿಂದು ಹೋಗ್ತಿತ್ತು" ಎಂದರು. ಹಾಗಾದರೆ ನನ್ನ ಮಾತಿನ ಮೇಲೆ ಯಾಕೆ ತರಿಸಿದಿರಿ ಎಂದೆ. ಅವರು ಕನ್ನಡಕ ಹಾಕಿಕೊಂಡು ಎದುರಿನ ಫೈಲು ತೆರೆದರು. ನನ್ನನ್ನು ಕಳಿಸಿದ್ದು ನನ್ನ ಮುಖ ನೋಡಿದರೆ ಆಜಿ ಕೊಡುತ್ತಾಳೆ ಎಂದು ತಾನೆ? ಹೆಬ್ಬೆರಳು ಅವಸರ ಮಾಡಬಾರದು ಎಂದು ಕಲಿಸಿದ ಮನುಷ್ಯ ನನ್ನನ್ನೇ ಒಂದು ಸಾಮಾನಿನಂತೆ ಬಳಸಿಕೊಂಡುಬಿಟ್ಟಿದ್ದ. ಅವರ ಎಂಜಲು ತಿಂದದ್ದು ನೆನಪಾಗಿ, ಹೊರಗೆ ಬಂದವಳೇ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿದೆ. ಮನೆಗೆ ಬಂದು ಅವ್ವನಿಗೆ ಹೇಳಿದಾಗ ಅವಳು ಸರ್ ಊಟ ಮಾಡಿ ಹೋಗಿದ್ದ ತಾಟನ್ನು ಅಟ್ಟಕ್ಕೆ ಹಾಕಿದಳು. ನಾನು ಆ ತಿಂಗಳೇ ಕೆಲಸ ಬಿಟ್ಟೆ. ದೂರು ಕೊಟ್ಟಿದ್ದೇನೆ, ಅದು ಎಲ್ಲಿಗೆ ಮುಟ್ಟಿದೆಯೋ ಗೊತ್ತಿಲ್ಲ. ಈಗ ಊರ ಹತ್ತಿರದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ.

ಮೋಸದ ಕಥೆ ಇಷ್ಟು. ಇಂಥದ್ದು ನಡೆಯುತ್ತಲೇ ಇರುತ್ತದೆ, ಅದರಲ್ಲಿ ವಿಚಿತ್ರವೇನೂ ಇಲ್ಲ. ನನ್ನನ್ನು ಇನ್ನೂ ಕಾಡುವುದು ಆ ಒಂದು ಹೋಳು. ಮನಸ್ಸಿನ ಕಳ್ಳತನವೇ ಗಂಟಲಿಗೆ ಬಂದಿರಬಹುದು ಎನ್ನಬಹುದು. ಹಾಗಾಗಬೇಕಾದರೆ ಸರ್‌ಗೆ ಆ ನಂಬಿಕೆ ಗೊತ್ತಿರಬೇಕು, ಅವತ್ತು ಮೀಟಿಂಗಿನಲ್ಲಿ ಮೊಬೈಲ್ ನೋಡುತ್ತಿದ್ದವರು ನನ್ನ ಮಾತು ಕೇಳಿಸಿಕೊಂಡಿರಬೇಕು. ಗೊತ್ತಿದ್ದವರು ಅಷ್ಟು ಸಲೀಸಾಗಿ ನಕ್ಕು ಕಚ್ಚುತ್ತಿದ್ದರೇ? ಇನ್ನು ಮನಸ್ಸಿಗೆ ತುಟಿಯನ್ನು ಅಷ್ಟು ಊದಿಸುವ ಶಕ್ತಿ ಇದೆಯೇ? ಅಲರ್ಜಿ ಹೊಸದಾಗಿಯೂ ಹುಟ್ಟಬಹುದು ಎಂದು ಡಾಕ್ಟರ ಗೆಳತಿಯೊಬ್ಬಳು ಹೇಳುತ್ತಾಳೆ. ಹುಟ್ಟಲಿ, ಅದೇ ಮಾತಿನ ಬೆನ್ನಿಗೇ ಹುಟ್ಟಬೇಕೇ? ಫಿಲೋಮಿನಾ ಈಗ ಬೇರೆ ಕಡೆ ಪಿಎಚ್‌ಡಿ ಮುಂದುವರಿಸಿದ್ದಾಳೆ, ಆ ಹುಡುಗನನ್ನೇ ಮದುವೆಯೂ ಆಗಿದ್ದಾಳೆ. ಅವಳಿಗೆ ಇದರಲ್ಲಿ ಗೊಂದಲವೇ ಇಲ್ಲ. "ಗಡ್ಡಿಗೆ ಗೊತ್ತಿತ್ತ್ರಿ ಅಕ್ಕಾ, ನಮಗ ಗೊತ್ತಿರ್ಲಿಲ್ಲ ಅಷ್ಟ" ಎನ್ನುತ್ತಾಳೆ. ನಾನು ಬೈಯುತ್ತೇನೆ. ಬೈದು ಫೋನ್ ಇಟ್ಟ ಮೇಲೆ ಯೋಚಿಸುತ್ತ ಕೂರುತ್ತೇನೆ.

ಕೆಲಸ ಬಿಟ್ಟ ಮೇಲೆ ಬಂದ ಜನವರಿಯಲ್ಲಿ ಆಜಿಯ ಹತ್ತಿರ ಹೋದೆ. ಕೊಟ್ಟ ಮಾತು ನನ್ನದು, ಹೇಳಬೇಕಾದವಳೂ ನಾನೇ. ಕುಂಬಾರವಾಡದಿಂದ ಬಸ್ಸಿಲ್ಲದೆ ನಡೆದೇ ಹೋದೆ. ಒಂದೂ ಬಿಡದೆ ಎಲ್ಲ ಹೇಳಿದೆ. ಆಜಿ ಬುಟ್ಟಿಗೆ ಬಿದಿರು ಹೆಣೆಯುತ್ತ ಕೇಳಿಸಿಕೊಂಡಳು, ಕೈ ನಿಲ್ಲಿಸಲಿಲ್ಲ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

"ನಿನಗ ಮದ್ಲ ಗೊತ್ತಿತ್ತೇನ?"

"ಇಲ್ಲ ಆಜಿ."

ತಲೆ ಆಡಿಸಿ ಒಳಗೆ ಹೋದಳು. ಒಲೆಯ ಮೇಲೆ ಗಡ್ಡೆ ಬೇಯುತ್ತಿತ್ತು, ಮನೆಯೆಲ್ಲ ಅದರ ವಾಸನೆ. ತರುತ್ತಾಳೆ, ಹೋಳು ಕೈಯಲ್ಲಿಟ್ಟು ಅದನ್ನೇ ಇನ್ನೊಮ್ಮೆ ಕೇಳುತ್ತಾಳೆ ಎಂದು ನಾನು ನೆಟ್ಟಗೆ ಕುಳಿತೆ. ಆಜಿ ಬೆಲ್ಲದ ಚಹಾ ತಂದಳು, ಜೊತೆಗೆ ಒಂದು ಹಿಡಿ ಅವಲಕ್ಕಿ. ಪಾತ್ರೆಯ ಮುಚ್ಚಳ ತೆಗೆಯಲಿಲ್ಲ. ಈ ಸಲ ಗಡ್ಡೆ ಇಲ್ಲವೇ ಎಂದು ನಗುತ್ತ ಕೇಳಿದೆ. "ಈ ವರ್ಷ ಅಷ್ಟ ಚಲೋ ಬಂದಿಲ್ಲ" ಎಂದು ಅಂಗಳದ ಕಡೆ ನೋಡಿದಳು.

ಆಮೇಲೂ ಹೋಗಿದ್ದೇನೆ. ಅವ್ವನ ಮೊಣಕಾಲು ವಿಚಾರಿಸುತ್ತಾಳೆ, ಸಾರಿನ ಹುಳಿಗೆಂದು ಮುರುಗಲ ಸಿಪ್ಪೆ ಕಟ್ಟಿಕೊಡುತ್ತಾಳೆ, ಇತ್ತೀಚೆಗೆ ಮತ್ತೆ ಪೋರಿ ಎಂದೂ ಕರೆಯುತ್ತಾಳೆ. ಗಡ್ಡೆ ಮಾತ್ರ ನನ್ನ ಕೈಗೆ ಕೊಟ್ಟಿಲ್ಲ. ನನ್ನ ಮಾತನ್ನು ನಂಬಿದ್ದರಿಂದ ಪರೀಕ್ಷೆ ಬೇಡವೆಂದಳೋ, ನನ್ನ ಮೇಲಿನ ನಂಬಿಕೆ ಹೋಗಿರುವುದರಿಂದ ಪರೀಕ್ಷಿಸಿ ನೋಡಲು ಅವಳಿಗೆ ಮನಸ್ಸು ಬಾರದೋ ನನಗೆ ತಿಳಿಯುವುದಿಲ್ಲ. ಈ ಸಲ ನಾನೇ ಬೇಡಿ ತಿನ್ನಬೇಕು, ಒಂದು ಹೋಳು ಕೊಡು ಆಜಿ, ಕೊಟ್ಟು ಕೇಳು ಎನ್ನಬೇಕು ಎಂದುಕೊಂಡೇ ಪ್ರತಿ ಸಲ ಮುಂಡಗೋಡದಿಂದ ಬಸ್ಸು ಹತ್ತುತ್ತೇನೆ. ನನಗೆ ಗೊತ್ತಿರಲಿಲ್ಲ ಎಂಬುದು ನೂರಕ್ಕೆ ನೂರು ನಿಜ. ಗಡ್ಡೆ ಏನನ್ನೂ ಅರಿಯುವುದಿಲ್ಲ ಎಂಬುದನ್ನು ನಾನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇನೆ. ಆದರೂ ಆ ಅಂಗಳದಲ್ಲಿ ಕುಳಿತು, ಒಲೆಯ ಮೇಲಿನ ಆ ಪಾತ್ರೆಯನ್ನು ನೋಡಿದ ಮೇಲೆ, ಹೋಳು ಕೇಳದೆಯೇ, ಕೊಟ್ಟ ಚಹಾ ಕುಡಿದು ಎದ್ದು ಬರುತ್ತೇನೆ.